ಆಂಟ್ ಸ್ಯಾಲಿ ಆಡೋದು ಹೇಗೆ: ಆಕ್ಸ್‌ಫರ್ಡ್‌ಶೈರ್ ಪಬ್ಬುಗಳ ಕೋಲೆಸೆತ, ಮೊದಲಿಂದ ಕೊನೆವರೆಗೆ

ಕೋಲು ಕಬ್ಬಿಣಕ್ಕೆ ಬಡಿದರೆ ಠಣ್ ಅಂತ ಸದ್ದು ಬರುತ್ತದೆ. ಕಂಬದ ತಲೆ ಗಿರ್ರನೆ ತಿರುಗುತ್ತದೆ, ಮೇಲಿದ್ದ ಬಿಳಿ ಮರದ ತುಂಡು ಹಾರಿ ಹುಲ್ಲಿನ ಮೇಲೆ ಬೀಳುತ್ತದೆ. ಹೊಸಬರು ಕೈ ಎತ್ತಿ ಕುಣಿಯುತ್ತಾರೆ. ಆಗ ಪಕ್ಕದಲ್ಲಿ ನಿಂತವರು "ಐರನ್" ಅಂತ ಕೂಗುತ್ತಾರೆ. ಅಂದರೆ ಸೊನ್ನೆ. ಬಿದ್ದಿದ್ದು ಲೆಕ್ಕಕ್ಕಿಲ್ಲ, ಹೇಗೆ ಬಿತ್ತು ಅನ್ನೋದಷ್ಟೇ ಲೆಕ್ಕ. ಆಂಟ್ ಸ್ಯಾಲಿಯ ಜೀವಾಳ ಇರುವುದೇ ಇಲ್ಲಿ. ಇದೊಂದು ತಲೆಗೆ ಹೋದರೆ ಉಳಿದ ನಿಯಮವೆಲ್ಲ ಅರ್ಧ ಗಂಟೆಯಲ್ಲಿ ಬಂದುಬಿಡುತ್ತದೆ.

ನಾನು ಆಕ್ಸ್‌ಫರ್ಡ್ ಹತ್ತಿರದ ಒಂದು ಸಣ್ಣ ಊರಿನಲ್ಲಿದ್ದೇನೆ. ಬಂದ ಎರಡನೇ ಬೇಸಿಗೆಯಲ್ಲಿ ಪಕ್ಕದ ಮನೆಯವರು ಬಂದು, ಇವತ್ತು ಒಬ್ಬರು ಕಡಿಮೆ ಇದ್ದಾರೆ, ನೀವು ಎಂಟನೆಯವರಾಗಿ ಬನ್ನಿ ಅಂತ ಕರೆದುಕೊಂಡು ಹೋದರು. ಅವತ್ತಿಂದ ಈ ಆಟ ನನ್ನನ್ನು ಬಿಟ್ಟಿಲ್ಲ. ಇದರ ಬಗ್ಗೆ ಕನ್ನಡದಲ್ಲಿ ಪೂರ್ತಿಯಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಗೊತ್ತಿರೋದನ್ನೆಲ್ಲ ಇಲ್ಲಿ ಹಾಕುತ್ತಿದ್ದೇನೆ. ಈ ಕಡೆ ಇರುವ ನಮ್ಮವರು ಪಬ್ಬಿಗೆ ಹೋಗಿ ಆಡಲಿ, ಬೇರೆ ಕಡೆ ಇರುವವರು ಹಿತ್ತಲಲ್ಲಿ ಒಂದು ಕಂಬ ನೆಟ್ಟು ಆಡಲಿ ಅನ್ನೋದು ಆಸೆ.

ಆಟ ಏನು

ಒಂದು ಕಬ್ಬಿಣದ ಕಂಬ. ಅದರ ತುದಿಯಲ್ಲಿ ಗಿಡ್ಡನೆಯ ಒಂದು ಮರದ ತುಂಡು, ಅದಕ್ಕೆ "ಡಾಲಿ" ಅಂತ ಹೆಸರು. ಮೂವತ್ತು ಅಡಿ ದೂರದಿಂದ ಮರದ ಕೋಲು ಎಸೆದು, ಮೊದಲು ಕಂಬಕ್ಕೆ ತಾಗದ ಹಾಗೆ ಡಾಲಿಯನ್ನು ಬೀಳಿಸಬೇಕು. ಒಬ್ಬರಿಗೆ ಒಂದು ಸರದಿಗೆ 6 ಕೋಲು. ತಂಡಕ್ಕೆ 8 ಜನ. ಅಷ್ಟೇ.

ಕೇಳೋಕೆ ಸುಲಭ ಅಲ್ವಾ? ಆರಕ್ಕೆ ಆರೂ ಬೀಳಿಸುವವರು ಬಹಳ ಅಪರೂಪ. ಹಾಗೆ ಬೀಳಿಸಿದಾಗ ಎದುರು ತಂಡದವರೂ ಎದ್ದು ನಿಂತು ಚಪ್ಪಾಳೆ ಹೊಡೆದದ್ದನ್ನು ನೋಡಿದ್ದೇನೆ.

ಎಲ್ಲಿಂದ ಬಂತು

ಇದು ಇಡೀ ಇಂಗ್ಲೆಂಡಿನ ಆಟ ಅಲ್ಲ. ಆಕ್ಸ್‌ಫರ್ಡ್‌ಶೈರ್ ಮತ್ತು ಅದಕ್ಕೆ ಅಂಟಿಕೊಂಡ ಕೌಂಟಿಗಳ ಅಂಚಿನಲ್ಲಿ ಮಾತ್ರ ಬೇರು ಬಿಟ್ಟಿದೆ. ಆಕ್ಸ್‌ಫರ್ಡ್, ಆಬಿಂಗ್ಡನ್, ಬಿಸ್ಟರ್, ಬ್ಯಾನ್‌ಬರಿ, ವಿಟ್ನಿ, ಈ ಕಡೆಯೆಲ್ಲ ಬೇಸಿಗೆಯಲ್ಲಿ ಲೀಗ್ ನಡೆಯುತ್ತದೆ. ಲಂಡನ್ನಿನಲ್ಲಿ ಹುಟ್ಟಿ ಬೆಳೆದವರನ್ನು ಕೇಳಿ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಇಂಗ್ಲೆಂಡಿನ ಪಬ್ ಆಟಗಳೇ ಹಾಗೆ, ಒಂದೊಂದು ಸೀಮೆಗೆ ಒಂದೊಂದು. ಕೆಂಟಿನವರಿಗೆ ಬ್ಯಾಟ್ ಅಂಡ್ ಟ್ರ್ಯಾಪ್, ಸಸೆಕ್ಸಿನವರಿಗೆ ಟೋಡ್ ಇನ್ ದ ಹೋಲ್.

ಹುಟ್ಟಿನ ಬಗ್ಗೆ ಇಲ್ಲಿ ಪಬ್ಬುಗಳಲ್ಲಿ ಒಂದು ಕಥೆ ಹೇಳುತ್ತಾರೆ. ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1642ರಿಂದ 1646ರವರೆಗೆ, ದೊರೆ ಮೊದಲನೇ ಚಾರ್ಲ್ಸ್ ಆಕ್ಸ್‌ಫರ್ಡಿನಲ್ಲಿ ಬೀಡು ಬಿಟ್ಟಿದ್ದ. ಅವನ ಸೈನಿಕರು ಹೊತ್ತು ಕಳೆಯಲು ಈ ಆಟ ತಂದರು ಅಂತ. ದೊರೆ ಇಲ್ಲಿದ್ದದ್ದು ಇತಿಹಾಸ. ಆಟ ಅವನ ಜೊತೆ ಬಂತು ಅನ್ನೋದು ಬಾಯಿಂದ ಬಾಯಿಗೆ ಬಂದ ಮಾತು, ಹಾಗೇ ಇಟ್ಟುಕೊಳ್ಳಿ. ಇನ್ನೊಂದು ಮಾತೂ ಇದೆ. ಹಿಂದೆ ಇಂಗ್ಲೆಂಡಿನಲ್ಲಿ ಹುಂಜವನ್ನು ಗೂಟಕ್ಕೆ ಕಟ್ಟಿ ದೊಣ್ಣೆ ಎಸೆಯುವ ಕ್ರೂರ ಪದ್ಧತಿ ಇತ್ತು, ಅದರ ಬದಲಿಗೆ ಬಂದದ್ದು ಇದು ಅಂತ.

ಹೆಸರಿನ ಹಿಂದಿರುವುದನ್ನು ಮುಚ್ಚಿಡಬಾರದು. ಹತ್ತೊಂಬತ್ತನೇ ಶತಮಾನದ ಜಾತ್ರೆಗಳಲ್ಲಿ "ಆಂಟ್ ಸ್ಯಾಲಿ" ಅಂದರೆ ಮುಖಕ್ಕೆ ಕಪ್ಪು ಬಳಿದ ಮುದುಕಿಯ ಗೊಂಬೆ. ಅದರ ಬಾಯಲ್ಲಿ ಮಣ್ಣಿನ ಚುಟ್ಟಾಕೊಳವೆ ಇಟ್ಟು, ಕೋಲೆಸೆದು ಮುರಿಯುತ್ತಿದ್ದರು. ಕಪ್ಪು ಜನರನ್ನು ಅಣಕಿಸುವ ಗೊಂಬೆ ಅದು. ಅದನ್ನು ನೆನೆದರೆ ಬೇಜಾರಾಗುತ್ತದೆ. ಈಗಿನ ಪಬ್ ಆಟದಲ್ಲಿ ಮುಖವೂ ಇಲ್ಲ, ಮುದುಕಿಯೂ ಇಲ್ಲ, ಬರೀ ಮರದ ತುಂಡು. ಹೆಸರು ಮಾತ್ರ ಉಳಿದಿದೆ. ಇಂಗ್ಲಿಷ್ ಮಾತಿನಲ್ಲೂ ಉಳಿದಿದೆ: ಎಲ್ಲರೂ ಬೈಯಲಿ ಅಂತಲೇ ಮುಂದೆ ನಿಲ್ಲಿಸಿದವರಿಗೆ ಇಲ್ಲಿನವರು ಆಂಟ್ ಸ್ಯಾಲಿ ಅನ್ನುತ್ತಾರೆ.

ಸಾಮಾನು ಮತ್ತು ಅಳತೆ

ಡಾಲಿ: 6 ಇಂಚು ಎತ್ತರ, 2¾ ಇಂಚು ದಪ್ಪ. ಅಂದರೆ ಸುಮಾರು 15 ಸೆಂಟಿಮೀಟರ್ ಎತ್ತರ, 7 ಸೆಂಟಿಮೀಟರ್ ಅಗಲ. ಒಂದು ದೊಡ್ಡ ಕಾಫಿ ಲೋಟದ ಗಾತ್ರ ಅನ್ನಿ. ಬಿಳಿ ಬಣ್ಣ ಬಳಿದಿರುತ್ತಾರೆ. ಇಂಗ್ಲೆಂಡಿನ ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಆದರೆ ಮೋಡ ಕವಿದರೆ ಈ ಬಿಳಿ ಒಂದೇ ಕಣ್ಣಿಗೆ ಆಸರೆ.

ಕೋಲು: 18 ಇಂಚು ಉದ್ದ, 2 ಇಂಚು ದಪ್ಪ, ಉರುಟಾಗಿರಬೇಕು. ಒಂದು ಸೆಟ್ಟಿಗೆ 6. ಗಟ್ಟಿ ಮರದ್ದಾದರೆ ಒಂದೊಂದೂ ಅರ್ಧ ಕೇಜಿಗಿಂತ ಜಾಸ್ತಿ ತೂಗುತ್ತದೆ. ಇದನ್ನು ಹಗುರವಾಗಿ ತಗೋಬೇಡಿ, ಕಾಲಿಗೆ ಬಿದ್ದರೆ ಮೂಳೆ ಮುರಿಯುವಷ್ಟು ತೂಕ.

ಕಂಬ: ಇದನ್ನೇ "ಐರನ್" ಅನ್ನುವುದು. ಡಾಲಿ ನಿಲ್ಲುವ ಜಾಗ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ, ಅಂದರೆ 76 ಸೆಂಟಿಮೀಟರ್. ಕಂಬದ ತಲೆ ನೆಟ್ಟಗಿರಲ್ಲ. ಒಂದು ಕಡೆ ಮುರಿದ ಹಾಗೆ ಬಾಗಿ, ಮತ್ತೆ ಮೇಲಕ್ಕೆ ಎದ್ದು, ಅದರ ತುದಿಯಲ್ಲಿ ಡಾಲಿ ಕೂರುವಷ್ಟು ಸಣ್ಣ ಪೀಠ ಇರುತ್ತದೆ. ಈ ತಲೆ ತಿರುಗುತ್ತದೆ. ಕೋಲು ಬಡಿದಾಗ ಏಟಿನ ಜೋರು ತಿರುಗುವುದರಲ್ಲೇ ಕಳೆದುಹೋಗುತ್ತದೆ, ಕಂಬ ಬಾಗಲ್ಲ. ಐರನ್ ಆಯಿತೋ ಇಲ್ಲವೋ ಅಂತ ಜಗಳ ಬಂದಾಗಲೂ ತಲೆ ತಿರುಗಿದ್ದು ಒಳ್ಳೇ ಸಾಕ್ಷಿ.

ಹಿಂದಿನ ಪರದೆ: ಕಂಬದ ಹಿಂದೆ ದಪ್ಪ ಬಟ್ಟೆ ಅಥವಾ ಟಾರ್ಪಾಲು ತೂಗುಹಾಕಬೇಕು. ಬಿಗಿಯಾಗಿ ಕಟ್ಟಬೇಡಿ. ಸಡಿಲವಾಗಿ ಇಳಿಬಿಟ್ಟರೆ ಕೋಲು ಅದಕ್ಕೆ ಬಡಿದು ಅಲ್ಲೇ ಕೆಳಗೆ ಬೀಳುತ್ತದೆ. ಬಿಗಿಯಾಗಿದ್ದರೆ ಚಿಮ್ಮಿ ವಾಪಸ್ ಬರುತ್ತದೆ.

ಗೆರೆ: ಕಂಬದಿಂದ 10 ಗಜ ದೂರ, ಅಂದರೆ 30 ಅಡಿ, ಸುಮಾರು 9.1 ಮೀಟರ್. ಅಲ್ಲೊಂದು ಮರದ ಪಟ್ಟಿ ಇಟ್ಟಿರುತ್ತಾರೆ. ಅದಕ್ಕೆ "ಹಾಕಿ" ಅಂತ ಹೆಸರು. ನಮ್ಮ ಹಾಕಿ ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಸೆಯುವಾಗ ಕಾಲು ಅದನ್ನು ದಾಟಿದರೆ ಆ ಕೋಲು ಲೆಕ್ಕಕ್ಕಿಲ್ಲ.

ಆಟ ನಡೆಯುವ ಕ್ರಮ

ನಾಣ್ಯ ಚಿಮ್ಮುತ್ತಾರೆ. ಗೆದ್ದ ನಾಯಕರು ಮೊದಲು ಎಸೆಯುವುದೋ ಆಮೇಲೋ ಅಂತ ಆರಿಸಿಕೊಳ್ಳುತ್ತಾರೆ. ಒಂದು ಸುತ್ತಿಗೆ "ಲೆಗ್" ಅಂತಲೂ "ಹಾರ್ಸ್" ಅಂತಲೂ ಕರೆಯುತ್ತಾರೆ. ಕುದುರೆ ಯಾಕೆ ಬಂತು ಅಂತ ಕೇಳಿದರೆ ನಮ್ಮ ತಂಡದ ಹಿರಿಯರು ಸುಮ್ನೆ ಹೆಗಲು ಕುಣಿಸುತ್ತಾರೆ. ಒಂದು ಪಂದ್ಯಕ್ಕೆ 3 ಲೆಗ್. ಜಾಸ್ತಿ ಲೆಗ್ ಗೆದ್ದವರು ಪಂದ್ಯ ಗೆದ್ದ ಹಾಗೆ.

ಲೆಗ್ಗಿನಲ್ಲಿ ಒಬ್ಬೊಬ್ಬರಾಗಿ ಬಂದು ಆರಾರು ಕೋಲು ಎಸೆಯುತ್ತಾರೆ. ಎಂಟು ಜನಕ್ಕೆ 48 ಕೋಲು, ಹಾಗಾಗಿ ಒಂದು ಲೆಗ್ಗಿನಲ್ಲಿ ಸಿಗಬಹುದಾದ ಅತಿ ಹೆಚ್ಚು ಅಂಕ 48. ಅಷ್ಟು ಯಾರಿಗೂ ಬರಲ್ಲ. ನಮ್ಮಂಥ ತಂಡಕ್ಕೆ 15 ದಾಟಿದರೆ ಸಮಾಧಾನ, 20 ದಾಟಿದರೆ ಹಬ್ಬ.

ಡಾಲಿ ಬಿದ್ದಾಗಲೆಲ್ಲ ಒಬ್ಬರು ಅದನ್ನು ಎತ್ತಿ ಮತ್ತೆ ಪೀಠದ ಮೇಲೆ ಇಡಬೇಕು. ಆ ಕೆಲಸ ಮಾಡುವವರೇ "ಡಾಲ್" (ಸರಿಯಾಗಿ ಬಿತ್ತು, ಒಂದು ಅಂಕ) ಅಥವಾ "ಐರನ್" ಅಂತ ಕೂಗಿ ಹೇಳುವುದು. ಗೆರೆಯ ಹತ್ತಿರ ಇನ್ನೊಬ್ಬರು ಹಲಗೆಯ ಮೇಲೆ ಬರೆದುಕೊಳ್ಳುತ್ತಾರೆ. ಡಾಲಿ ಎತ್ತಿಡುವವರು ಪಕ್ಕಕ್ಕೆ ಸರಿದು, ಕೈ ತೋರಿಸಿದ ಮೇಲೆಯೇ ಮುಂದಿನ ಕೋಲು. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಆರರಲ್ಲಿ ಒಂದೂ ಬೀಳದಿದ್ದರೆ ಅದಕ್ಕೆ "ಬ್ಲಾಬ್". ನನ್ನ ಮೊದಲ ಸರದಿ ಬ್ಲಾಬೇ ಆಗಿತ್ತು. ಮೂರು ಐರನ್, ಮೂರು ಪರದೆಗೆ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಬಂದು "ಜೋರು ಜಾಸ್ತಿಯಾಯ್ತು" ಅಂತಷ್ಟೇ ಹೇಳಿದರು. ಅದು ಈ ಆಟದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ.

ಲೆಕ್ಕ ಹೇಗೆ ಬರುತ್ತದೆ ಅಂತ ಒಂದು ಲೆಗ್ ನೋಡೋಣ. ಮೊದಲ ತಂಡದ ಎಂಟು ಜನಕ್ಕೆ ಸಾಲಾಗಿ 3, 2, 0, 4, 1, 2, 3, 2 ಬಂತು ಅಂದುಕೊಳ್ಳಿ. ಒಟ್ಟು 17. ಎರಡನೇ ತಂಡ 2, 3, 1, 2, 0, 5 ಹೊಡೆದು ಆರು ಜನಕ್ಕೆ 13ರಲ್ಲಿದೆ. ಏಳನೆಯವರು 2 ಬೀಳಿಸಿದರು, 15 ಆಯಿತು. ಕೊನೆಯವರು ಬರುವ ಹೊತ್ತಿಗೆ ಎಲ್ಲರೂ ಮೇಜು ಬಿಟ್ಟು ಗೆರೆಯ ಹಿಂದೆ ಬಂದು ನಿಂತಿರುತ್ತಾರೆ. ಮೊದಲ ಕೋಲು ಡಾಲ್. ಎರಡು ಐರನ್. ನಾಲ್ಕನೆಯದು ಮೇಲಿಂದ ಹಾರಿಹೋಯಿತು. ಐದನೆಯದು ಡಾಲ್, ಈಗ ಹದಿನೇಳಕ್ಕೆ ಹದಿನೇಳು. ಆರನೆಯದು ಡಾಲಿಯ ಕಿವಿಯ ಪಕ್ಕದಲ್ಲೇ ಹೋಯಿತು, ಗಾಳಿಗೆ ಅದು ಅಲ್ಲಾಡಿದ ಹಾಗೆ ಕಂಡರೂ ಬೀಳಲಿಲ್ಲ. ಸಮ.

ಸಮವಾದರೆ ಎರಡೂ ತಂಡದ ಎಲ್ಲರೂ ಮತ್ತೆ ಎಸೆಯುತ್ತಾರೆ, ಆದರೆ ಒಬ್ಬರಿಗೆ 3 ಕೋಲು ಮಾತ್ರ. ಆಗಲೂ ಸಮವಾದರೆ ಒಬ್ಬರಿಗೆ 1 ಕೋಲು. ಒಂದೇ ಕೋಲಿನ ಸುತ್ತಿಗೆ ಬಂದಾಗ ಆ ತೋಟದಲ್ಲಿ ಯಾರ ಬಾಯಲ್ಲೂ ಮಾತಿರಲ್ಲ.

ಐರನ್ ನಿಯಮ, ನಿಧಾನವಾಗಿ

ನಿಯಮ ಇಷ್ಟು: ಕೋಲು ಮೊದಲು ಡಾಲಿಗೆ ತಾಗಬೇಕು. ಡಾಲಿಗೆ ತಾಗಿದ ಮೇಲೆ ಕಂಬಕ್ಕೆ ಬಡಿದರೆ ಪರವಾಗಿಲ್ಲ, ಅದು ಡಾಲ್. ಮೊದಲು ಕಂಬಕ್ಕೋ ಪೀಠಕ್ಕೋ ಬಡಿದು ಆ ಅದುರಿಗೆ ಡಾಲಿ ಬಿದ್ದರೆ ಐರನ್.

ಇದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುವ ಸಂಗತಿ. ನೋಡುವವರು ಮೂರು ವಿಷಯ ಗಮನಿಸುತ್ತಾರೆ. ಒಂದು, ಸದ್ದು. ಮರಕ್ಕೆ ಮರ ಬಡಿದರೆ "ಟೊಕ್" ಅಂತ ಒಣ ಸದ್ದು, ಕಬ್ಬಿಣಕ್ಕಾದರೆ ಠಣ್. ಎರಡು, ಕಂಬದ ತಲೆ ತಿರುಗಿತಾ. ಮೂರು, ಡಾಲಿ ಎತ್ತ ಹೋಯಿತು. ನೇರ ಏಟು ಬಿದ್ದರೆ ಡಾಲಿ ಹಿಂದಕ್ಕೆ ಹಾರಿ ಪರದೆಗೆ ಬಡಿಯುತ್ತದೆ. ಐರನ್ ಆದರೆ ಹೆಚ್ಚಾಗಿ ಇದ್ದಲ್ಲೇ ತಲೆಕೆಳಗಾಗಿ ಪಕ್ಕಕ್ಕೆ ಬೀಳುತ್ತದೆ. ಕೆಲವು ಸಲ ಎರಡು ಸದ್ದೂ ಒಟ್ಟಿಗೇ ಬರುತ್ತವೆ. ಆಗ ಡಾಲಿ ಎತ್ತಿಡುವವರ ಮಾತೇ ಕೊನೆ. ವಾದ ಮಾಡಬೇಡಿ. ಇಲ್ಲಿ ಯಾರೂ ಮಾಡುವುದೂ ಇಲ್ಲ.

ನೆಲಕ್ಕೆ ಪುಟಿದು ಬಿದ್ದರೆ ಏನು, ಪರದೆಗೆ ಬಡಿದು ಹಿಂದಿಂದ ಬಂದು ಬೀಳಿಸಿದರೆ ಏನು ಅನ್ನುವಂಥದ್ದನ್ನೆಲ್ಲ ಮನೆಯಲ್ಲಿ ಆಡುವಾಗ ಮೊದಲೇ ಮಾತಾಡಿಕೊಳ್ಳಿ. ಲೀಗಿನಲ್ಲಾದರೆ ಅವರ ನಿಯಮದ ಪುಸ್ತಕ ಇರುತ್ತದೆ, ನಾಯಕರನ್ನು ಕೇಳಿ.

ಎಸೆಯುವುದು

ಕೈ ಕೆಳಗಿನಿಂದ ಎಸೆಯಬೇಕು. ಭುಜದ ಮೇಲಿಂದ ಬೀಸಿ ಎಸೆಯುವ ಹಾಗಿಲ್ಲ. ನನಗೆ ಕಷ್ಟವಾದದ್ದು ಇದೇ. ಚಿಕ್ಕಂದಿನಿಂದ ಲಗೋರಿ ಆಡಿದ ಕೈ, ಗುರಿ ಕಂಡ ಕೂಡಲೇ ಮೇಲಕ್ಕೆ ಏಳುತ್ತದೆ. ಅದನ್ನು ಮರೆಸೋಕೆ ಎರಡು ವಾರ ಬೇಕಾಯಿತು.

ಕೋಲಿನ ಒಂದು ತುದಿಯ ಹತ್ತಿರ ಹಿಡಿಯಿರಿ. ಮುಷ್ಟಿ ಬಿಗಿ ಬೇಡ, ಬಿಂದಿಗೆಯ ಕಂಠ ಹಿಡಿದಷ್ಟು ಸಾಕು. ಬಲಗೈಯವರು ಎಡಗಾಲು ಗೆರೆಯ ಹಿಂದೆ ಇಟ್ಟು ನಿಲ್ಲಿ. ಕೈಯನ್ನು ಉಯ್ಯಾಲೆಯ ಹಾಗೆ ಹಿಂದಕ್ಕೆ ಬಿಟ್ಟು, ಅದೇ ದಾರಿಯಲ್ಲಿ ಮುಂದಕ್ಕೆ ತನ್ನಿ. ಮೊಣಕೈ ಮಡಿಸಬೇಡಿ, ಮಣಿಕಟ್ಟು ತಿರುಚಬೇಡಿ. ಕೈ ಸೊಂಟ ದಾಟಿದ ಮೇಲೆ ಕೋಲನ್ನು ಬಿಡಿ. ಅದು ಮೇಲಕ್ಕೆ ಏರಿ, ನಿಧಾನವಾಗಿ ಉರುಳಿ, ಇಳಿಯುತ್ತಾ ಡಾಲಿಗೆ ಸಿಗಬೇಕು.

ಯಾಕೆ ಇಳಿಯುತ್ತಾ ಅಂದರೆ, ಕಬ್ಬಿಣ ಇರುವುದು ಕೆಳಗೆ, ಡಾಲಿ ಇರುವುದು ಮೇಲೆ. ನೇರವಾಗಿ ಜೋರಲ್ಲಿ ಹೊಡೆದ ಕೋಲು ಎರಡು ಇಂಚು ತಗ್ಗಿದರೂ ಕಂಬಕ್ಕೇ. ಮೇಲಿಂದ ಇಳಿದು ಬರುವ ಕೋಲಿಗೆ ದಾರಿಯಲ್ಲಿ ಮೊದಲು ಸಿಗುವುದು ಡಾಲಿ. ಎತ್ತರಕ್ಕೆ ತಪ್ಪಿದರೆ ಒಂದು ಕೋಲು ಹೋಯಿತು, ಅಷ್ಟೇ. ಕೆಳಕ್ಕೆ ತಪ್ಪಿದರೂ ಅಷ್ಟೇ ನಷ್ಟ. ಆದರೆ ಹೊಸಬರ ಕೋಲು ಹತ್ತಕ್ಕೆ ಎಂಟು ಸಲ ಕೆಳಕ್ಕೇ ತಪ್ಪುತ್ತದೆ. ಅದಕ್ಕೆ ಮೊದಲ ದಿನ ಡಾಲಿಯ ನೆತ್ತಿಯ ಮೇಲೆ ಒಂದು ಗೇಣು ಎತ್ತರಕ್ಕೆ ಗುರಿ ಇಡಿ. ಅಲ್ಲಿಂದ ಇಳಿಸಿಕೊಂಡು ಬನ್ನಿ.

ಕೋಲು ಯಾವ ಭಂಗಿಯಲ್ಲಿ ಮುಟ್ಟಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾನು ಇಂಚು ಟೇಪು ಹಿಡಿದು ಕೂತು ಲೆಕ್ಕ ಹಾಕಿದ್ದೇನೆ. ಕೋಲು ಅಡ್ಡಕ್ಕೆ ಮಲಗಿ ಬಂದರೆ 18 ಇಂಚು ಅಗಲ ನಿಮ್ಮ ಕಡೆ ಇರುತ್ತದೆ, ಎಡಬಲ ಸ್ವಲ್ಪ ತಪ್ಪಿದರೂ ತಾಗುತ್ತದೆ. ಆದರೆ ಎತ್ತರ ಸರಿಯಾಗಿರಬೇಕು, 6 ಇಂಚಿನೊಳಗೇ ಬರಬೇಕು. ಕೋಲು ನೆಟ್ಟಗೆ ನಿಂತು ಬಂದರೆ ಎತ್ತರದ ಚಿಂತೆ ಕಡಿಮೆ, ಎಡಬಲ ಮಾತ್ರ ಕೂದಲೆಳೆಯಷ್ಟು ಸರಿಯಿರಬೇಕು. ಜೊತೆಗೆ ಮೇಲ್ತುದಿ ಡಾಲಿಯ ಕಡೆ ಬಾಗಿರಬೇಕು. ಕೆಳತುದಿ ಮುಂದೆ ಬಂದರೆ ಅದೇ ಮೊದಲು ಕಂಬಕ್ಕೆ ಬಡಿಯುತ್ತದೆ, ಐರನ್.

ಉರುಳುವಿಕೆಯನ್ನು ಹಿಡಿತದಿಂದ ತಿದ್ದಬಹುದು. ತೀರಾ ತುದಿಗೆ ಹಿಡಿದರೆ ಜಾಸ್ತಿ ಉರುಳುತ್ತದೆ. ಎರಡು ಬೆರಳು ಒಳಗೆ ಸರಿದರೆ ಕಡಿಮೆಯಾಗುತ್ತದೆ. ನಿಮ್ಮ ಕೋಲು ಡಾಲಿಯ ಹತ್ತಿರ ಹೋದಾಗ ಹೇಗಿರುತ್ತದೆ ಅಂತ ಪಕ್ಕದಲ್ಲಿ ನಿಂತವರನ್ನು ನೋಡಲು ಹೇಳಿ. ಎಸೆಯುವವರಿಗೆ ಅದು ಕಾಣಲ್ಲ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಸಿಕೊಂಡರೆ ಇನ್ನೂ ಒಳ್ಳೆಯದು. ನಾನು ಹಿಡಿತವನ್ನು ಒಂದು ಇಂಚು ಒಳಗೆ ಸರಿಸಿದ್ದೇ ತಡ, ಮುಂದಿನ ವಾರ ಮೂರು ಬಿದ್ದವು.

ಇನ್ನೊಂದು: ಆರು ಕೋಲೂ ಒಂದೇ ತರ ಎಸೆಯಿರಿ. ಒಂದು ತಪ್ಪಿತು ಅಂತ ಮುಂದಿನದಕ್ಕೆ ಎಲ್ಲವನ್ನೂ ಬದಲಾಯಿಸಬೇಡಿ. ಎರಡು ಕೋಲು ಒಂದೇ ಕಡೆ ತಪ್ಪಿದರೆ ಆಗ ಬದಲಾಯಿಸಿ, ಅದೂ ನಿಲ್ಲುವ ಜಾಗವನ್ನು ಅಂಗೈಯಗಲ ಸರಿಸಿ ನೋಡಿ, ಕೈಯನ್ನು ಮುಟ್ಟಬೇಡಿ.

ಮನೆಯಲ್ಲಿ ಮಾಡಿಕೊಳ್ಳುವುದು

ಬೆಂಗಳೂರಲ್ಲೋ ಹಾಸನದಲ್ಲೋ ಇದ್ದು ಆಡಬೇಕು ಅನ್ನಿಸಿದರೆ ಏನೂ ಕಷ್ಟ ಇಲ್ಲ. ಬಡಗಿಯ ಹತ್ತಿರ ಮೇಲಿನ ಅಳತೆ ಕೊಟ್ಟು ಆರು ಕೋಲು, ಎರಡು ಡಾಲಿ ಮಾಡಿಸಿ. ಡಾಲಿ ಒಡೆಯುತ್ತದೆ, ಅದಕ್ಕೆ ಎರಡು. ವೆಲ್ಡಿಂಗ್ ಅಂಗಡಿಯವರಿಗೆ ಒಂದು ಕಬ್ಬಿಣದ ಪೈಪು, ಅದರೊಳಗೆ ಸಲೀಸಾಗಿ ತಿರುಗುವ ಬಾಗಿದ ಸರಳು, ಸರಳಿನ ತುದಿಗೆ ಮೂರು ಇಂಚಿಗಿಂತ ಸಣ್ಣ ಬಿಲ್ಲೆ ಅಂತ ಚಿತ್ರ ಬರೆದು ತೋರಿಸಿ. ತಿರುಗುವ ತಲೆ ಮಾಡಿಸೋದು ಕಷ್ಟ ಆದರೆ ನೆಟ್ಟಗಿನ ಸರಳೇ ಆಗಲಿ, ಆಟಕ್ಕೆ ತೊಂದರೆ ಇಲ್ಲ.

ಜಾಗ ಮಾತ್ರ ನೋಡಿ ಆರಿಸಿ. ಮೂವತ್ತು ಅಡಿ ಎಸೆತ, ಹಿಂದೆ ಪರದೆ, ಪರದೆಯ ಹಿಂದೆ ಗೋಡೆಯೋ ಖಾಲಿ ಜಾಗವೋ ಇರಬೇಕು. ಕಿಟಕಿ, ಕಾರು, ರಸ್ತೆ ಇರಬಾರದು. ಮಕ್ಕಳು, ನಾಯಿ ಗೆರೆಯ ಹಿಂದೆಯೇ ಇರಬೇಕು. ಸಣ್ಣ ಮಕ್ಕಳು ಆಡುವುದಾದರೆ ಗೆರೆಯನ್ನು 15 ಅಡಿಗೆ ತಂದು ಹಗುರವಾದ ಕೋಲು ಕೊಡಿ.

ಪಬ್ಬಿಗೆ ಹೋಗಿ ಸೇರುವುದಾದರೆ

ಲೀಗ್ ನಡೆಯುವುದು ಬೇಸಿಗೆಯಲ್ಲಿ, ವಾರದ ದಿನದ ಸಂಜೆಗಳಲ್ಲಿ. ಆಂಟ್ ಸ್ಯಾಲಿ ಇರುವ ಪಬ್ಬಿಗೆ ಪಂದ್ಯದ ದಿನ ಹೋಗಿ ಹಿಂದಿನ ತೋಟದಲ್ಲಿ ಸುಮ್ನೆ ನಿಂತು ನೋಡಿ. ಅರ್ಧ ಗಂಟೆಯಲ್ಲಿ ಯಾರಾದರೂ ಮಾತಾಡಿಸುತ್ತಾರೆ. ಎಂಟು ಜನ ಹೊಂದಿಸುವುದು ಪ್ರತಿ ನಾಯಕರ ತಲೆನೋವು, ಹಾಗಾಗಿ ಆಡ್ತೀರಾ ಅಂತ ಕೇಳಿಯೇ ಕೇಳುತ್ತಾರೆ. ಕುಡಿಯದಿದ್ದರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಬೇಡ. ನಾನು ಮೂರು ಬೇಸಿಗೆ ನಿಂಬೆ ಸೋಡಾದಲ್ಲೇ ಕಳೆದಿದ್ದೇನೆ. ನಮ್ಮ ಪಬ್ಬಿನಲ್ಲಿ ಆಟದ ನಡುವೆ ಎರಡೂ ತಂಡಕ್ಕೆ ತಿನ್ನಲು ಏನಾದರೂ ತರುತ್ತಾರೆ. ಸಸ್ಯಾಹಾರ ಅಂತ ಮೊದಲೇ ಹೇಳಿದರೆ ಒಂದು ತಟ್ಟೆ ಚಿಪ್ಸ್ ಆದರೂ ಬೇರೆ ಎತ್ತಿಡುತ್ತಾರೆ.

ಚೆನ್ನಾಗಿ ಆಡುವವರನ್ನು ಒಟ್ಟಿಗೆ ನೋಡಬೇಕು ಅಂದರೆ ಚಾರ್ಲ್‌ಬರಿ ಅನ್ನುವ ಊರಿನ ಬಿಯರ್ ಉತ್ಸವಕ್ಕೆ ಹೋಗಿ. 2011ರಲ್ಲಿ ಆಂಟ್ ಸ್ಯಾಲಿಯ ಒಂಟಿ ಆಟಗಾರರ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು ಅಲ್ಲೇ. ಹೆಚ್ಚುಕಡಿಮೆ ಒಂದೇ ಕೌಂಟಿಯ ಆಟಕ್ಕೆ ವಿಶ್ವ ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ಕೋಲು ಎಸೆಯುವವರ ಮುಖ ನೋಡಿದರೆ ಅದು ಸರಿಯಾದ ಹೆಸರೇ ಅನ್ನಿಸುತ್ತದೆ.

ನಿಮ್ಮ ಸರದಿ ಮುಗಿದ ಮೇಲೆ ಒಂದು ಕೆಲಸ ಇದೆ. ಪರದೆಯ ಕೆಳಗೆ ಬಿದ್ದ ಆರೂ ಕೋಲನ್ನು ಎತ್ತಿಕೊಂಡು ಬನ್ನಿ. ಮಳೆ ಬಂದ ಸಂಜೆಯಾದರೆ ಮಣ್ಣು ಅಂಟಿರುತ್ತದೆ, ಗೆರೆಯ ಹತ್ತಿರ ಒಂದು ಹಳೇ ಟವೆಲ್ ನೇತುಹಾಕಿರುತ್ತಾರೆ, ಅದರಲ್ಲಿ ಒಂದೊಂದಾಗಿ ಒರೆಸಿ. ಒದ್ದೆ ಕೋಲು ಕೈಯಿಂದ ಜಾರುತ್ತದೆ, ಜಾರಿದ ಕೋಲು ಎತ್ತ ಹೋಗುತ್ತದೋ ಯಾರಿಗೂ ಗೊತ್ತಾಗಲ್ಲ. ಒರೆಸಿ, ತುದಿಗಳನ್ನು ಒಂದೇ ಕಡೆ ಮಾಡಿ ಮುಂದಿನವರ ಕೈಗೆ ಸಿಗುವ ಹಾಗೆ ಜೋಡಿಸಿಡಿ. ಆಮೇಲೆ ಕಂಬದ ಹತ್ತಿರ ಹೋಗಿ ಡಾಲಿ ಎತ್ತಿಡುವವರಿಗೆ, ಈಗ ನಾನು ನಿಲ್ಲುತ್ತೇನೆ, ನೀವು ಹೋಗಿ ಕೂತ್ಕೊಳ್ಳಿ ಅನ್ನಿ.